ತಿಜೋರಿಯ ಚಾವಿ ಯಾರ ಕಿಸೆಯಲ್ಲಿ?

ಬೆಟಗೇರಿಯಲ್ಲಿ ಮಗ್ಗದ ಸದ್ದಿಗೆ ಏಳದವರು ನೀಲಗಂಗವ್ವನ ರೊಟ್ಟಿಯ ಸದ್ದಿಗೆ ಏಳುತ್ತಾರೆ ಎಂದು ಓಣಿಯ ಮಂದಿ ಚಾಷ್ಟಿ ಮಾಡುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಹಿಟ್ಟು ನಾದುವ ಕೊಣಮಿಗೆ ಮುಂದಿಟ್ಟುಕೊಂಡು ಕುಳಿತಳೆಂದರೆ ತಾಸಿಗೆ ಅರವತ್ತು ರೊಟ್ಟಿ ಸಲೀಸು. ಎಲ್ಲವೂ ಒಂದೇ ಅಳತೆ, ಒಂದರ ಅಂಚೂ ಸೀಳಿರುವುದಿಲ್ಲ. ಮದುವೆ ಇರಲಿ, ಸೀಮಂತ ಇರಲಿ, ಹುಲಕೋಟಿಯಿಂದ ಮುಳಗುಂದದವರೆಗೆ ರೊಟ್ಟಿ ಬೇಕೆಂದವರು ಮೊದಲು ಅವಳ ಮನೆಯ ಬಾಗಿಲನ್ನೇ ಬಡಿಯುತ್ತಾರೆ.

ಈ ಕೆಲಸಕ್ಕೆ ಅವಳದೊಂದು ಪದ್ಧತಿ ಇತ್ತು. ಕಾಗದ, ಸಹಿ ಏನೂ ಇಲ್ಲ. ಕರೆಯಲು ಬಂದವರು ಎಲೆ ಅಡಿಕೆ ಕೊಡುತ್ತಾರೆ, ಅವಳು ಸೆರಗೊಡ್ಡಿ ಹಿಡಿಯುತ್ತಾಳೆ. ಹಿಡಿದರೆ ಮುಗಿಯಿತು, ಹೋಗಲೇಬೇಕು. ಒಮ್ಮೆ ಮೈ ಸುಡುವ ಜ್ವರವಿದ್ದಾಗಲೂ ಶಿರಹಟ್ಟಿಗೆ ಹೋಗಿ ಐನೂರು ರೊಟ್ಟಿ ಬಡಿದು ಬಂದವಳು. "ಎಲಿ ಹಿಡದು ಮಾತು ತಪ್ಪಿದರ ನಾಳೆ ನನ್ನ ರೊಟ್ಟಿ ಯಾರ ತಿಂತಾರ?" ಎಂದು ಗಂಡನಿಗೇ ಜೋರು ಮಾಡಿದ್ದಳು. ಮಾತಿಗೆ ಇಷ್ಟು ಬೆಲೆ ಕೊಡುವವರು ಈಗ ಎಷ್ಟು ಮಂದಿ ಸಿಗುತ್ತಾರೆ ಹೇಳಿ? ಆದರೆ ಅವಳು ಎಡವಿದ್ದೂ ಇದೇ ಒಳ್ಳೆಯ ಗುಣದಿಂದಲೇ.

ಹುಲಕೋಟಿಯ ಒಂದು ಮದುವೆಯಲ್ಲಿ ಸಿದ್ದಲಿಂಗೇಶ ಎಂಬವರು ಅವಳ ರೊಟ್ಟಿ ಉಂಡರು. ಮೂಲ ಮುಳಗುಂದದವರು. ಹದಿನೈದು ವರ್ಷಗಳಿಂದ ಮಸ್ಕತ್‌ನಲ್ಲಿ ಖಾನಾವಳಿ ನಡೆಸುತ್ತಾರೆ. ಊರಲ್ಲಿ ಮನೆ ಕಟ್ಟಿಸಲು ಎರಡು ತಿಂಗಳ ಮಟ್ಟಿಗೆ ಬಂದಿದ್ದರು. ಮರುದಿನವೇ ಕಾರು ತಂದು ನೀಲಗಂಗವ್ವನ ಮನೆಯ ಮುಂದೆ ನಿಲ್ಲಿಸಿದರು.

"ಅಕ್ಕಾರ, ನಮ್ಮ ಕಡೆ ಹುಡುಗೋರು ಅಲ್ಲಿ ಸಾವಿರಾರು ಮಂದಿ ದುಡೀತಾರ. ಬರೇ ಕುಬೂಸ್ ಅನ್ನೋ ಅರಬ್ಬರ ಮೈದಾ ರೊಟ್ಟಿ ತಿಂದು ತಿಂದು ಬಾಯಿ ಕೆಟ್ಟಾವ. ನೀವು ಬಂದ್ರ ನನ್ನ ಖಾನಾವಳಿ ಮುಂದ ಪಾಳಿ ಹಚ್ಚತಾರ ನೋಡ್ರಿ. ಎರಡು ವರ್ಷ ಇದ್ದು ಬರ್ರಿ. ಊಟ, ವಸ್ತಿ ನಂದು."

ಗದಗದ ಬಸ್‌ಸ್ಟ್ಯಾಂಡ್ ಹತ್ತಿರ ಸ್ವಂತ ಖಾನಾವಳಿ ಹಾಕಬೇಕು, ತನ್ನ ಹೆಸರಿನ ಬೋರ್ಡು ನೋಡಬೇಕು ಎಂಬುದು ನೀಲಗಂಗವ್ವನ ಬಹಳ ದಿನದ ಆಸೆ. ಮಗಳು ವಾಣಿಶ್ರೀ ಕಾಲೇಜು ಸೇರಿದ್ದಳು. ಗಂಡ ಈಶಪ್ಪ ಮಗ್ಗದ ಕೆಲಸ ಬಿಡುವವನಲ್ಲ. ಮನೆ ಹೇಗೋ ನಡೆಯುತ್ತದೆ. ಎರಡು ವರ್ಷ ಕಣ್ಣುಮುಚ್ಚಿ ತೆಗೆಯುವುದರೊಳಗೆ ಹೋಗುತ್ತವೆ ಎಂದುಕೊಂಡಳು. ಸಿದ್ದಲಿಂಗೇಶ ಎಲೆ ಅಡಿಕೆ ಮುಂದೆ ಹಿಡಿದರು. ಅವಳು ಸೆರಗೊಡ್ಡಿದಳು.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಯಿತು, ಪೊಲೀಸರು ಬಂದು ವಿಚಾರಿಸಿ ಹೋದದ್ದಾಯಿತು. ತಿಂಗಳೊಪ್ಪತ್ತಿನಲ್ಲಿ ಅಂಚೆಯವನು ಲಕೋಟೆ ತಂದ. ನೀಲಗಂಗವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಟ್ಟಲಲ್ಲಿ ಸಕ್ಕರೆ ಹಿಡಿದು ಓಡಿದ್ದು ಪಕ್ಕದ ಮನೆಯ ನಜಮಾಳ ಹತ್ತಿರ. ನಜಮಾ ಲಕ್ಷ್ಮೇಶ್ವರದ ಮಗಳು, ಬೆಟಗೇರಿಯ ಸೊಸೆ. ಆರು ವರ್ಷ ಕೊಲ್ಲಿ ದೇಶದಲ್ಲಿ ಒಂದು ಮನೆಯ ಅಡುಗೆ ಮಾಡಿಕೊಂಡಿದ್ದು ಬಂದವಳು. ಈಗ ಮನೆಯಲ್ಲೇ ಹೊಲಿಗೆ. ಆ ಓಣಿಯಲ್ಲಿ ವಿಮಾನ ಹತ್ತಿ ಇಳಿದವಳು ಅವಳೊಬ್ಬಳೇ.

ನಜಮಾ ಸಕ್ಕರೆ ಬಾಯಿಗೆ ಹಾಕಿಕೊಂಡು ಪಾಸ್‌ಪೋರ್ಟಿನ ಪುಟ ತಿರುವಿದಳು. ಒಂದು ಕಡೆ ಬೆರಳು ನಿಂತಿತು.

"ನೀಲಕ್ಕಾ, ನೀ ಎಷ್ಟನೇತ್ತಾ ಓದೀದಿ?"

"ಏಳು. ಯಾಕ?"

"ಹತ್ತನೇತ್ತಾ ಪಾಸ್ ಆಗದವರ ಪಾಸ್‌ಪೋರ್ಟಿನಾಗ ಹಿಂಗ ಇ.ಸಿ.ಆರ್ ಅಂತ ಬರದಿರತಾರ ನೋಡು. ಕೊಲ್ಲಿ ದೇಶಕ್ಕ ಕೆಲಸಕ್ಕ ಹೋಗೂದಿದ್ರ ಮೊದಲ ಸರಕಾರದ ಪರವಾನಗಿ ತಗೋಬೇಕು ಅಂತ ಅದರ ಅರ್ಥ. ತಗೊಂಡಾರೇನು?"

"ಅದೆಲ್ಲಾ ಬ್ಯಾಡಂತ. ಸಾವಕಾರ್ರು ವಿಸಿಟ್ ವೀಸಾ ಮಾಡಸ್ತಾರಂತ. ಅಲ್ಲಿಗೆ ಹೋದ ಮ್ಯಾಲೆ ಕೆಲಸದ ವೀಸಾಕ್ಕ ಬದಲಿ ಮಾಡ್ತಾರಂತ. ವಿಮಾನದಾಗ ಯಾರರ ಕೇಳಿದ್ರ ಬೀಗರ ಮನಿಗೆ ಹೊಂಟೀನಿ ಅನ್ನು ಅಂದಾರ."

"ಸುಳ್ಳು ಹೇಳ್ಕೋತ ಹೊಸಲಿ ದಾಟಾಕ ಹತ್ತೀಯಲ್ಲ ಅಕ್ಕಾ! ಬದಲಿ ಆಗಲಿಲ್ಲಂದ್ರ? ಬೀಗರ ಮನಿಗೆ ಬಂದಾಕಿ ಅಂತ ಕಾಗದ ಹೇಳ್ತೈತಿ, ನೀ ರೊಟ್ಟಿ ಬಡೀತಿರ್ತಿ. ಹಿಡದರ ಯಾರನ್ನ ಹಿಡೀತಾರ? ಸಂಬಳ ಕೊಡಲಿಲ್ಲಂದ್ರ ಯಾರ ಮುಂದ ಹೇಳ್ತಿ? ಹೋಗ್ಲಿ, ಕರಾರು ಪತ್ರ ಮಾಡ್ಯಾರೇನು?"

"ಎಲಿ ಹಿಡದೀನಲ್ಲ."

"ಪಾಸ್‌ಪೋರ್ಟ್ ಯಾರ ಕಡೆ ಇರ್ತೈತಿ?"

"ಸಾವಕಾರ್ರ ಕಡೆ ಕೊಡೂದು. ಅವರ ತಿಜೋರ್ಯಾಗ ಜ್ವಾಕಿ ಇರ್ತೈತಿ. ನಮ್ಮಂಥವರು ಎಲ್ಲಿ ಇಟ್ಕೊಳ್ಳೂದು?"

ಇದೂ ನಮ್ಮ ಕಡೆಯ ರೂಢಿಯೇ. ಬೇರೆಯವರ ಮನೆಗೆ ದುಡಿಯಲು ಹೋದರೆ ಬೆಲೆಬಾಳುವ ವಸ್ತುವನ್ನು ಆ ಮನೆಯ ಹಿರಿಯರ ಕೈಗೆ ಕೊಟ್ಟು ನಿಶ್ಚಿಂತೆಯಾಗುತ್ತೇವೆ. ಹಾಗೆ ಕೊಡುವುದು ಮರ್ಯಾದೆ, ಕೊಡದಿದ್ದರೆ ಅವರನ್ನು ಕಳ್ಳರೆಂದು ಅಂದಂತೆ.

ನಜಮಾ ಪಾಸ್‌ಪೋರ್ಟ್ ಮುಚ್ಚಿ ನೀಲಗಂಗವ್ವನ ತೊಡೆಯ ಮೇಲಿಟ್ಟಳು. "ನಾನೂ ಹಿಂಗ ಕೊಟ್ಟಿದ್ದೆ," ಅಂದಳು. "ಯಾರೂ ಕಸಗೊಂಡಿರಲಿಲ್ಲ. ನಾನ ಕೈಮುಗದು ಕೊಟ್ಟಿದ್ದೆ. ಭಾಳ ಒಳ್ಳೆ ಮಂದಿ ಅವರು. ರಂಜಾನ ಬಂದ್ರ ಅವರ ಮಕ್ಕಳಿಗೆ ತಂದಂಥಾದ್ದ ಅರಿವಿ ನನಗೂ ತರ್ತಿದ್ರು. ನಮ್ಮವ್ವ ರಸೂಲಬಿ ತೀರಿಕೊಂಡ ಖಬರ ಬಂತಲ್ಲ, ಅವತ್ತು ಮನಿಯಾಕಿ ನನ್ನ ಸಂಗಾಟ ಕುಂತು ಅತ್ತಳು. ಆದ್ರ ಯಜಮಾನ್ರು ಬ್ಯಾರೆ ದೇಶಕ್ಕ ಹೋಗಿದ್ರು. ಪಾಸ್‌ಪೋರ್ಟ್ ಇಟ್ಟ ತಿಜೋರಿ ಚಾವಿ ಅವರ ಕಿಸೇದಾಗ. ಅವರು ಬರೂತನಕ ಹದಿನಾರು ದಿನ. ನಾ ಲಕ್ಷ್ಮೇಶ್ವರಕ್ಕ ಬಂದಾಗ ಗೋರಿ ಮ್ಯಾಲಿನ ಮಣ್ಣು ಒಣಗಿತ್ತು. ನಮ್ಮವ್ವನ ಮಾರಿ ನೋಡಲಿಲ್ಲ ನೀಲಕ್ಕಾ. ಯಾರನ್ನ ಬೈಲಿ? ಯಾರೂ ಕೆಟ್ಟವರಿರಲಿಲ್ಲ."

ನೀಲಗಂಗವ್ವ ಬಟ್ಟಲಲ್ಲಿ ಉಳಿದ ಸಕ್ಕರೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಅಂದು ಹಂಚಿನ ಮೇಲೆ ಎರಡು ರೊಟ್ಟಿ ಹೊತ್ತಿದವು. ಇಪ್ಪತ್ತು ವರ್ಷದಲ್ಲಿ ಹಾಗಾದದ್ದು ಈಶಪ್ಪ ನೋಡಿರಲಿಲ್ಲ.

"ಏನಾತು ನೀಲಾ?" ಎಂದ.

ಅವಳು ಎಲ್ಲ ಹೇಳಿದಳು. "ನಜಮಾ ಹೇಳೂದು ಖರೆ ಅನಸ್ತೈತ್ರಿ. ಆದ್ರ ಎಲಿ ಹಿಡದ ಮ್ಯಾಲೆ ಈಗ ಕಾಗದ ಕೇಳಿದ್ರ ಅವರ ಮ್ಯಾಲೆ ನಂಬಿಕಿ ಇಲ್ಲಂದಂಗ ಆಗೂದಿಲ್ಲೇನ್ರಿ?"

ಈಶಪ್ಪನದು ಮಾತು ಕಡಿಮೆ. ಆದರೆ ಆಡಿದರೆ ಅಳೆದು ಆಡುವವನು. "ನಮ್ಮ ಮಾಲಕರ ಕಡೆ ಇಪ್ಪತ್ತೆರಡು ವರ್ಷ ಆತು ನಾ ನೇಯಾಕ ಹತ್ತಿ. ನನ್ನ ಮ್ಯಾಲೆ ಅವರಿಗೆ ಪೂರಾ ನಂಬಿಕಿ. ಆದ್ರೂ ಪ್ರತಿ ಸೀರಿ ಮಡಚೂಕಿಂತ ಮೊದಲ ಅಳತಿ ಹಾಕ್ತಾರ. ನನಗೆ ಒಂದ ದಿನಾನೂ ಸಿಟ್ಟು ಬಂದಿಲ್ಲ. ಅಳತಿ ಹಾಕಿದ್ದಕ್ಕ ನಮ್ಮಿಬ್ಬರ ನಡುವ ಇಷ್ಟು ವರ್ಷ ಒಂದ ಜಗಳ ಆಗಿಲ್ಲ," ಅಂದ. ಸುಟ್ಟ ರೊಟ್ಟಿಯನ್ನು ತಾನೇ ತಾಟಿಗೆ ಹಾಕಿಕೊಂಡು ಉಂಡ.

ಮೂರು ದಿನ ಬಿಟ್ಟು ಸಿದ್ದಲಿಂಗೇಶ ಬಂದರು. ಟಿಕೆಟ್ ತೆಗೆಸುವ ಅವಸರದಲ್ಲಿದ್ದರು. ನಜಮಾಳನ್ನೂ ಕರೆದು ಕೂಡಿಸಿಕೊಂಡಿದ್ದಳು ನೀಲಗಂಗವ್ವ.

"ಬಂತಂತಲ್ಲ ಅಕ್ಕಾರ, ಕೊಡ್ರಿ ನೋಡೂಣು," ಎಂದು ಅವರು ಕೈ ಚಾಚಿದರು. ಅವಳು ಕೊಟ್ಟಳು. ಅವರು ಒಂದು ಪುಟ ನೋಡಿ, ಮುಚ್ಚಿ, ಸಹಜವಾಗಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಚಹಾದ ಕಪ್ಪು ಎತ್ತಿದಷ್ಟೇ ಸಹಜವಾಗಿತ್ತು. ನೀಲಗಂಗವ್ವ ಮಾತ್ರ ಕೈ ಮುಂದೆ ಚಾಚಿದಳು.

"ಸಾವಕಾರ್ರ, ಅದನ್ನ ವಾಪಸ್ ಕೊಡ್ರಿ."

"ಟಿಕೆಟ್ ಮಾಡಸಾಕ ಬೇಕಲ್ರಿ?"

"ಝೆರಾಕ್ಸ್ ಕೊಡ್ತೀನ್ರಿ. ಪಾಸ್‌ಪೋರ್ಟ್ ನನ್ನ ಕಡೆ ಇರ್ಲಿ. ಮಸ್ಕತ್ತಿಗೆ ಬಂದ ಮ್ಯಾಲೂ ನನ್ನ ಕಡೇನ ಇರ್ಲಿ. ಮತ್ತ ವಿಸಿಟ್ ವೀಸಾದ ಮ್ಯಾಲೆ ನಾ ಬರಂಗಿಲ್ರಿ. ಕೆಲಸದ ವೀಸಾ ಮಾಡಸ್ರಿ. ಏನ ಕೆಲಸ, ಎಷ್ಟು ತಾಸು, ಎಷ್ಟು ಪಗಾರ ಅಂತ ಬರದು ಸಹಿ ಮಾಡ್ರಿ."

ಸಿದ್ದಲಿಂಗೇಶರ ಮುಖ ಕಪ್ಪಿಟ್ಟಿತು. ಪಾಸ್‌ಪೋರ್ಟ್ ತೆಗೆದು ಚಾಪೆಯ ಮೇಲಿಟ್ಟರು. "ನೀವು ಮಾತಿನ ಮನಷ್ಯಾರು ಅಂತ ಕೇಳಿದ್ದೆ. ಎಲಿ ಹಿಡದು ಈಗ ಹಿಂಗಂದ್ರ ಹ್ಯಾಂಗ್ರಿ? ನಾ ಏನು ಕಳ್ಳ ಏಜೆಂಟನ? ನಾಲ್ಕು ಮಂದಿ ನಮ್ಮೂರ ಕಡೆಯವರ ಅದಾರ ನನ್ನ ಕಡೆ. ಒಬ್ಬರಿಗೆ ಒಂದು ತುತ್ತು ಕಮ್ಮಿ ಮಾಡಿಲ್ಲ. ಬೇಕಾರ ಕೇಳ್ರಿ."

ಮಾತಿನ ಮನುಷ್ಯರು ಎಂಬ ಮಾತು ನೀಲಗಂಗವ್ವನಿಗೆ ಚುಚ್ಚಿತು. ಕಣ್ಣಲ್ಲಿ ನೀರು ಬಂದಿತು. ಆದರೂ ಜಗ್ಗಲಿಲ್ಲ.

"ಎಲಿ ಹಿಡದೀನ್ರಿ, ಬಂದ ಬರ್ತೀನಿ. ನೀವು ಕಳ್ಳರು ಅಂತ ನಾ ಅಂದಿಲ್ಲ. ಆದ್ರ ಒಂದ ಮಾತು ಹೇಳ್ರಿ. ಆ ನಾಲ್ಕು ಮಂದಿ ಪಾಸ್‌ಪೋರ್ಟ್ ಎಲ್ಲಿ ಅದಾವ್ರಿ?"

"ಎಲ್ಲಿರ್ತಾವ? ಖಾನಾವಳಿ ತಿಜೋರ್ಯಾಗ. ಭದ್ರ ಅದಾವ."

"ತಿಜೋರಿ ಚಾವಿ?"

ಸಿದ್ದಲಿಂಗೇಶರ ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಯಿತು. ಅಲ್ಲೇ ನಿಂತಿತು. ಚಾವಿ ಅಲ್ಲೇ ಇತ್ತು. ಬೆಟಗೇರಿಯ ಓಣಿಯಲ್ಲಿ, ಅವರ ಎದೆಯ ಮೇಲೆ. ತಿಜೋರಿ ಮಸ್ಕತ್‌ನಲ್ಲಿ. ಅವರು ಊರಿಗೆ ಬಂದು ಅಂದಿಗೆ ನಲವತ್ತೊಂದು ದಿನ.

ನಜಮಾ ನಿಧಾನಕ್ಕೆ ತನ್ನ ತಾಯಿಯ ಕಥೆ ಹೇಳಿದಳು, ಮೂರು ಮಾತಿನಲ್ಲಿ. ಸಿದ್ದಲಿಂಗೇಶ ಚಹಾ ಅರ್ಧಕ್ಕೆ ಬಿಟ್ಟರು.

"ಅಲ್ಲಿ ಎಲ್ಲಾರೂ ಹಿಂಗ ಮಾಡ್ತಾರ," ಅಂದರು ಕಡೆಗೆ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. "ನನಗೂ ನನ್ನ ಮೊದಲಿನ ಮಾಲಕ ಹಿಂಗ ಮಾಡಿದ್ದ. ಇದ ಪದ್ಧತಿ ಅಂತ ತಿಳದಿದ್ದೆ."

"ಕಾಯ್ದೆ ಏನೈತಿ ಅಂತ ನಾಳೆ ಕೇಳಿಕೊಂಡು ಬರೂಣು ನಡೀರಿ ಕಾಕಾ," ಅಂದಳು ನಜಮಾ. "ಗದಗದಾಗ ಜಿಲ್ಲಾಡಳಿತ ಭವನ ಐತಲ್ಲ. ಕೇಳಾಕ ಏನ ಖರ್ಚೈತಿ?"

ಮರುದಿನ ಮೂವರೂ ಹೋದರು. ಕೌಶಲ್ಯಾಭಿವೃದ್ಧಿ ಕಚೇರಿಯ ಸುನಿತಾ ಮೇಡಂ ಕೂಡಿಸಿ ಮಾತಾಡಿಸಿದರು. ಮೇಡಂ ಹೆಚ್ಚು ಹೇಳಿದ್ದು ನೀಲಗಂಗವ್ವನಿಗಲ್ಲ, ಸಿದ್ದಲಿಂಗೇಶರಿಗೆ. ಹೊರದೇಶಕ್ಕೆ ಕೆಲಸಗಾರರನ್ನು ಕರೆಸಿಕೊಳ್ಳುವ ಮಾಲೀಕನ ಮೇಲೇ ಜವಾಬ್ದಾರಿ ಜಾಸ್ತಿ ಎಂಬುದು ಅವಳಿಗೆ ಅವತ್ತೇ ತಿಳಿದದ್ದು. ಇಷ್ಟು ದಿನ ನಿಯಮಗಳೆಲ್ಲ ಬಡವರನ್ನು ಕಟ್ಟಿಹಾಕಲಿಕ್ಕೇ ಇವೆ ಎಂದುಕೊಂಡಿದ್ದಳು.

"ಮೊದಲನೇದು, ವಿಸಿಟ್ ವೀಸಾದ ಮ್ಯಾಲೆ ಕೆಲಸಕ್ಕ ಕರ್ಕೊಂಡು ಹೋಗಬ್ಯಾಡ್ರಿ," ಅಂದರು ಮೇಡಂ. "ಅದು ಕಾಯ್ದೆಕ್ಕ ವಿರುದ್ಧ. ಸಿಕ್ಕಬಿದ್ರ ಅವರಿಗೆ ತ್ರಾಸು, ನಿಮಗೂ ದಂಡ. ನೀವು ಮಾಲಕರು ಅಂತ ಭಾರತ ಸರಕಾರದ ಇ-ಮೈಗ್ರೇಟ್ ಅನ್ನೋ ತಾಣದಾಗ ನೋಂದಣಿ ಮಾಡಸ್ರಿ. ನಿಮ್ಮ ಖಾನಾವಳಿ ಖರೆ ಐತೋ ಇಲ್ಲೋ, ಕೆಲಸ ಖರೆ ಐತೋ ಇಲ್ಲೋ ನೋಡ್ತಾರ. ಇವರಂಥ ಹೆಣ್ಣುಮಕ್ಕಳು, ಅಂದ್ರ ಹತ್ತನೇತ್ತಾ ಆಗದವರು, ಕೊಲ್ಲಿ ದೇಶಕ್ಕ ಕೆಲಸಕ್ಕ ಹೋಗಬೇಕಂದ್ರ ಮೂವತ್ತು ವರ್ಷ ತುಂಬಿರಬೇಕು. ಅದೂ ಸರಕಾರ ಒಪ್ಪಿದ ಸರಕಾರಿ ಸಂಸ್ಥೆಗಳ ಮೂಲಕನ ಹೋಗಬೇಕು. ಖಾಸಗಿ ಏಜೆಂಟರಿಗೆ ಆ ಅಧಿಕಾರ ಇಲ್ಲ."

"ನನಗ ಮೂವತ್ತೆಂಟ್ರಿ," ಎಂದು ನೀಲಗಂಗವ್ವ ಹೇಳಿದಳು, ಯಾರೂ ಕೇಳದಿದ್ದರೂ.

"ಆಮ್ಯಾಲೆ ಕರಾರು ಪತ್ರ. ಪಗಾರ, ಕೆಲಸದ ತಾಸು, ವಾರದ ಸೂಟಿ, ವಸ್ತಿ, ದವಾಖಾನಿ ಖರ್ಚು, ಮುಗದ ಮ್ಯಾಲೆ ವಾಪಸ್ ಬರೂ ಟಿಕೆಟ್ ಎಲ್ಲಾ ಅದರಾಗ ಇರಬೇಕು. ಅದನ್ನ ನೋಡಿ ವಲಸೆ ಸಂರಕ್ಷಣಾಧಿಕಾರಿಗಳು ಪರವಾನಗಿ ಕೊಡ್ತಾರ. ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಯಾವತ್ತೂ ಕೆಲಸದವರ ಕೈಯಾಗ. ಮಾಲಕರು ಅದನ್ನ ಒತ್ತಿ ಇಟ್ಕೊಳ್ಳೂದು ತಪ್ಪು."

ಸಿದ್ದಲಿಂಗೇಶ ಬೆವರು ಒರೆಸಿಕೊಂಡರು. "ಅಲ್ರಿ ಮೇಡಂ, ರೊಟ್ಟಿ ಬಡಿಯಾಕ ಇಷ್ಟು ಕಾಗದ ಬೇಕೇನ್ರಿ?"

"ರೊಟ್ಟಿಗೆ ಬ್ಯಾಡ್ರಿ. ಬಡಿಯಾಕಿಗೆ ಬೇಕು," ಅಂದರು ಮೇಡಂ. ನಜಮಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಎಷ್ಟು ದಿನ ಹಿಡೀತೈತ್ರಿ?"

"ನಾಲ್ಕೈದು ತಿಂಗಳು ಆಗಬಹುದು."

ಸಿದ್ದಲಿಂಗೇಶ ನೀಲಗಂಗವ್ವನ ಕಡೆ ನೋಡಿದರು. "ನೀವು ಅಷ್ಟು ದಿನ ಕಾಯ್ತೀರೇನ್ರಿ ಅಕ್ಕಾರ? ಬ್ಯಾರೆಯವರು ಬಂದು ಎಲಿ ಕೊಟ್ರ?"

"ನಿಮ್ಮ ಎಲಿ ಹಿಡದೀನಲ್ರಿ," ಅಂದಳು ಅವಳು. ಅವರಿಬ್ಬರ ಮಧ್ಯೆ ಇದ್ದ ಬಿಗುಮಾನ ಅಲ್ಲಿಗೆ ಸಡಿಲವಾಯಿತು.

ಕರಾರು ಪತ್ರ ಮುಂದಿನ ತಿಂಗಳು ಮಸ್ಕತ್‌ನಿಂದ ಬಂತು. ವಾಣಿಶ್ರೀ ಓದಿ ಕನ್ನಡದಲ್ಲಿ ಹೇಳಿದಳು. ನೀಲಗಂಗವ್ವ ಒಂದು ಕಡೆ ತಡೆದಳು. "ಖಾನಾವಳಿ ಮತ್ತು ಇತರೆ ಕೆಲಸ ಅಂತೈತಲ್ಲ, ಇತರೆ ಅಂದ್ರ ಏನು? ನಾಳೆ ಅವರ ಮನಿ ಭಾಂಡೆ ತಿಕ್ಕೂದೂ ಇತರೇನ. ತಗಸು ಅದನ್ನ. ರೊಟ್ಟಿ ಬಡಿಯೂದು ಅಂತ ಇರ್ಲಿ." ಸಿದ್ದಲಿಂಗೇಶ ಫೋನಿನಲ್ಲಿ ನಕ್ಕು ಒಪ್ಪಿದರು. ತಿದ್ದಿದ ಪತ್ರ ಬಂದ ಮೇಲೇ ಅವಳು ಸಹಿ ಹಾಕಿದಳು.

ಪರವಾನಗಿ ಬಂದ ದಿನ ಸಿದ್ದಲಿಂಗೇಶ ಫೋನು ಮಾಡಿದರು. ಖುಷಿಯ ಮಾತು ಮುಗಿದ ಮೇಲೂ ಫೋನು ಇಡಲಿಲ್ಲ.

"ಅಕ್ಕಾರ, ಒಂದು ಹೇಳಬೇಕ್ರಿ. ನಾ ಇಲ್ಲಿಗೆ ಬಂದ ದಿನಾನ ತಿಜೋರಿ ತಗದು ನಾಲ್ಕೂ ಮಂದಿಗೆ ಪಾಸ್‌ಪೋರ್ಟ್ ವಾಪಸ್ ಕೊಟ್ಟೆ. ಡಂಬಳದ ಉಳವಪ್ಪ ಅಂತ ಒಬ್ಬ ಅದಾನ, ಭಾಂಡೆ ತಿಕ್ಕತಾನ. ಭಾಳ ಮೆತ್ತನ್ನ ಮನಷ್ಯಾ. ಹೋದ ವಾರ ಪಾಸ್‌ಪೋರ್ಟ್ ಕೈಯಾಗ ಹಿಡಕೊಂಡು ಬಂದು, ಧಣ್ಯಾರ, ಊರಿಗೆ ಹೋಗಿ ಬರ್ಲೇನ್ರಿ ಅಂದ. ಯಾಕಲೇ ಅಂದೆ. ಅವನ ಮಗಳು ಹುಟ್ಟಿ ಎರಡೂವರಿ ವರ್ಷ ಆಗೇತಂತ. ಇನ್ನೂ ಮಾರಿ ನೋಡಿಲ್ಲ. ಇಷ್ಟು ದಿನ ಯಾಕ ಕೇಳಲಿಲ್ಲಲೇ ಅಂದ್ರ ಏನಂದ ಗೊತ್ತೇನ್ರಿ? ಕೇಳಿದ್ರ ನಿಮಗ ಬ್ಯಾಸರ ಆದೀತು ಅಂತ ಸುಮ್ಮನಿದ್ದೆ ಅಂದ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

"ದಿನಾ ನನ್ನ ಕಣ್ಣ ಮುಂದ ಭಾಂಡೆ ತಿಕ್ಕತಿದ್ದ ಅಕ್ಕಾರ. ನಾ ಅವನ್ನ ಭಾಳ ಚಲೋ ಇಟ್ಟೀನಿ ಅಂತ ತಿಳದಿದ್ದೆ."

ನೀಲಗಂಗವ್ವ "ಈಗ ಎಲ್ಲಿ ಅದಾನ್ರಿ ಅವ?" ಎಂದು ಕೇಳಿದಳು.

"ಡಂಬಳದಾಗ. ನಿನ್ನೆ ಮುಟ್ಟ್ಯಾನ. ಕೂಸು ಇವನ್ನ ನೋಡಿ ಹೆದರಿ ಅವರವ್ವನ ಹಿಂದ ಅಡಗಿಕೊಂಡಿತಂತ."

ಬಂಧುಗಳೇ, ಆ ಕೂಸು ತಂದೆಯ ಹತ್ತಿರ ಬರಲು ಎಷ್ಟು ದಿನ ಹಿಡಿಯಿತೋ ನಮಗೆ ಗೊತ್ತಿಲ್ಲ. ಆದರೆ ಆ ಎರಡೂವರೆ ವರ್ಷವನ್ನು ಯಾವ ಧಣಿಯೂ ವಾಪಸ್ ಕೊಡಲಾರ, ಎಷ್ಟೇ ಒಳ್ಳೆಯವನಿದ್ದರೂ. ನಿಮ್ಮ ಮನೆಯಿಂದ, ನಿಮ್ಮ ಸಂಘದಿಂದ ಯಾರಾದರೂ ಹೊರದೇಶಕ್ಕೆ ದುಡಿಯಲು ಹೊರಟಿದ್ದರೆ ಇಂದೇ ಅವರ ಪಕ್ಕ ಕುಳಿತು ಕೇಳಿ: ಕೆಲಸದ ವೀಸಾ ಇದೆಯೇ? ಕರಾರು ಪತ್ರ ಓದಿಸಿಕೊಂಡೆಯಾ? ಪರವಾನಗಿ, ವಿಮೆ ಆಯಿತೇ? ಗೊತ್ತಿಲ್ಲ ಎಂದರೆ ಅವರನ್ನು ಜಿಲ್ಲಾಡಳಿತ ಭವನಕ್ಕೆ ನೀವೇ ಕರೆದುಕೊಂಡು ಹೋಗಿ. ನಿಯಮಗಳು ಆಗಾಗ ಬದಲಾಗುತ್ತವೆ, ದೇಶದಿಂದ ದೇಶಕ್ಕೆ ಬೇರೆ ಇರುತ್ತವೆ. ಹೋದ ವರ್ಷ ಹೋದವರನ್ನು ನೋಡಿ ಹೊರಡಬೇಡಿ, ಈಗಿನದನ್ನು ಕೇಳಿಕೊಂಡೇ ಹೊರಡಿ.

ಹೊರದೇಶದಲ್ಲಿ ನಾಲ್ಕು ಮಂದಿಗೆ ಕೆಲಸ ಕೊಟ್ಟಿರುವ ನಮ್ಮ ಕಡೆಯ ಅಣ್ಣಂದಿರೇ, ನಿಮಗೂ ಒಂದು ಮಾತು. ನಿಮ್ಮ ತಿಜೋರಿಯಲ್ಲಿ ಬೇರೆಯವರ ಪಾಸ್‌ಪೋರ್ಟ್ ಇದ್ದರೆ, ಅವರು ಕೇಳಲಿ ಎಂದು ಕಾಯಬೇಡಿ. ನಮ್ಮ ಮಂದಿ ಕೇಳುವುದಿಲ್ಲ. ನೀವಾಗಿಯೇ ಕೊಡಿ.